ಸ್ಥಳೀಯ ಗಿಡಗಳ ತೋಟ: ನರ್ಸರಿಗೆ ಹೋಗುವ ಮೊದಲೇ ಅರ್ಧ ಕೆಲಸ

ಸ್ಥಳೀಯ ಗಿಡಗಳ ತೋಟ ಮಾಡಬೇಕು ಅಂದುಕೊಂಡವರು ಮೊದಲು ಕೇಳುವುದು ಒಂದೇ: "ಯಾವ್ಯಾವ ಗಿಡ ಹಾಕಲಿ, ಒಂದು ಪಟ್ಟಿ ಕೊಡಿ." ಪಟ್ಟಿ ಕೊಡುವುದು ಸುಲಭ. ಆದರೆ ಒಂದೇ ಬೀದಿಯ ಎರಡು ಮನೆಗೆ ಒಂದೇ ಪಟ್ಟಿ ಹೊಂದುವುದಿಲ್ಲ. ಒಂದು ಕಡೆ ಮಧ್ಯಾಹ್ನದ ಬಿಸಿಲು ಸುಡುತ್ತದೆ, ಇನ್ನೊಂದು ಕಡೆ ಇಡೀ ದಿನ ಗೋಡೆಯ ನೆರಳು. ಒಂದು ಕಡೆ ನೀರು ನಿಲ್ಲುತ್ತದೆ, ಇನ್ನೊಂದು ಕಡೆ ಸುರಿದದ್ದೆಲ್ಲ ಇಳಿದು ಹೋಗುತ್ತದೆ. ಹಾಗಾಗಿ ಇಲ್ಲಿ ಗಿಡಗಳ ಪಟ್ಟಿ ಇಲ್ಲ. ನಿಮ್ಮ ಜಾಗಕ್ಕೆ ನೀವೇ ಪಟ್ಟಿ ಮಾಡಿಕೊಳ್ಳುವುದು ಹೇಗೆ, ಆಮೇಲೆ ಅದನ್ನು ನೆಲಕ್ಕೆ ಇಳಿಸುವುದು ಹೇಗೆ ಎಂಬುದಿದೆ.

ತೋಟ ಯಾರಿಗಾಗಿ?

ಹೂವಿಗೆ ಚಿಟ್ಟೆ ಬಂದರೆ ತೋಟ ಗೆದ್ದಂತೆ ಎಂದು ತುಂಬ ಜನ ತಿಳಿದಿದ್ದಾರೆ. ಲಂಟಾನ ಹೂವಿಗೂ ಚಿಟ್ಟೆ ಬರುತ್ತದೆ, ಧಾರಾಳವಾಗಿ ಬರುತ್ತದೆ. ಆದರೆ ಉಷ್ಣವಲಯದ ಅಮೆರಿಕದಿಂದ ಬಂದ ಆ ಗಿಡದ ಎಲೆಯನ್ನು ಬೇರೆ ಖಂಡಗಳ ಕಂಬಳಿಹುಳುಗಳು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ. ಚಿಟ್ಟೆಗೆ ಅದು ಹೋಟೆಲ್ ಇದ್ದ ಹಾಗೆ. ಮಕ್ಕಳನ್ನು ಸಾಕುವುದಕ್ಕೆ ಮನೆ ಬೇರೆಯೇ ಬೇಕು.

ಗಿಡಗಳು ಎಲೆಯಲ್ಲಿ ಕಹಿ, ಅಂಟು, ವಿಷ ತುಂಬಿಕೊಂಡು ತಮ್ಮನ್ನು ಕಾಪಾಡಿಕೊಳ್ಳುತ್ತವೆ. ಅದನ್ನು ಅರಗಿಸಿಕೊಳ್ಳುವ ಶಕ್ತಿ ಎಲ್ಲ ಕೀಟಗಳಿಗೂ ಇಲ್ಲ. ಬಹಳಷ್ಟು ಕೀಟಗಳಿಗೆ ತಮ್ಮ ಜೊತೆಗೇ ಯುಗಯುಗಗಳಿಂದ ಬಾಳಿದ ಕೆಲವು ಗಿಡಗಳ ವಿಷ ಮಾತ್ರ ಒಗ್ಗಿರುತ್ತದೆ. ಎಕ್ಕದ ಹಾಲಿಗೆ ದನವೂ ಬಾಯಿ ಹಾಕುವುದಿಲ್ಲ, ಪ್ಲೇನ್ ಟೈಗರ್ ಚಿಟ್ಟೆಯ ಹುಳುವಿಗೆ ಅದೇ ಊಟ. ಈಶ್ವರಿ ಬಳ್ಳಿ ಮತ್ತು ಅದರ ಬಳಗದ ಬಳ್ಳಿಗಳು ಇಲ್ಲದ ಕಡೆ ಕ್ರಿಮ್ಸನ್ ರೋಸ್ ಚಿಟ್ಟೆ ಸಂಸಾರ ಹೂಡುವುದಿಲ್ಲ. ಉತ್ತರ ಅಮೆರಿಕದ ಮೊನಾರ್ಕ್ ಚಿಟ್ಟೆಯ ಹುಳು ಮಿಲ್ಕ್‌ವೀಡ್ ಜಾತಿಯ ಗಿಡಗಳನ್ನೇ ನಂಬಿಕೊಂಡಿದೆ.

ಹುಳು ಕಡಿಮೆಯಾದರೆ ಹಕ್ಕಿಗಳೂ ಕಡಿಮೆಯಾಗುತ್ತವೆ. ಕಾಳು ತಿನ್ನುವ ಹಕ್ಕಿಗಳು ಕೂಡ ಮರಿಗಳಿಗೆ ಹೆಚ್ಚಾಗಿ ಹುಳುವನ್ನೇ ತಿನ್ನಿಸುತ್ತವೆ. ಉತ್ತರ ಅಮೆರಿಕದಲ್ಲಿರುವ, ಗುಬ್ಬಿಗಿಂತ ಚಿಕ್ಕದಾದ ಚಿಕಡೀ ಎಂಬ ಹಕ್ಕಿ ಒಂದು ಸಂಸಾರ ಸಾಕಲು ಸುಮಾರು 6,000ದಿಂದ 9,000 ಕಂಬಳಿಹುಳು ತರಬೇಕಾಗುತ್ತದೆ. ವಾಷಿಂಗ್ಟನ್ ಸುತ್ತಮುತ್ತಲಿನ ಮನೆ ಹಿತ್ತಿಲುಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದೇ ಹಕ್ಕಿಯನ್ನು ನೋಡಿತು. ಹಿತ್ತಿಲಿನ ಹಸಿರಿನಲ್ಲಿ ಸ್ಥಳೀಯ ಗಿಡಗಳ ಪಾಲು 70%ಕ್ಕಿಂತ ಕಡಿಮೆಯಾದ ಕಡೆ ಅದರ ಸಂಖ್ಯೆ ಉಳಿಯುವಷ್ಟು ಮರಿಗಳು ಆಗುತ್ತಿರಲಿಲ್ಲ. ಒಂದು ಹಕ್ಕಿ, ಒಂದು ಪ್ರದೇಶದ ಲೆಕ್ಕ ಇದು, ಎಲ್ಲ ಕಡೆಗೂ ನಿಯಮವಲ್ಲ. ಆದರೂ ಲೆಕ್ಕ ಹಾಕಲು ಒಳ್ಳೆಯ ಅಳತೆ. ಅಂದರೆ ಅಜ್ಜಿ ನೆಟ್ಟ ಗುಲಾಬಿಯನ್ನು ಕೀಳಬೇಕಿಲ್ಲ. ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಹಸಿರು ಸ್ಥಳೀಯವಾಗಿರಲಿ, ಉಳಿದದ್ದು ನಿಮ್ಮ ಇಷ್ಟ. ಹಾಗೆ ಇಟ್ಟುಕೊಳ್ಳುವ ಹೊರಗಿನ ಗಿಡ ಕೈಮೀರಿ ಎಲ್ಲೆಡೆ ಹಬ್ಬುವ ಜಾತಿಯದಾಗಿರಬಾರದು, ಅಷ್ಟೇ.

ಹೆಜ್ಜೆ 1: ಜಾಗವನ್ನು ಓದಿ

ಒಂದು ಹಾಳೆಯಲ್ಲಿ ಜಾಗದ ನಕ್ಷೆ ಬರೆಯಿರಿ. ಚೆಂದ ಇರಬೇಕಿಲ್ಲ, ಅಳತೆ ಸರಿ ಇದ್ದರೆ ಸಾಕು. ಮನೆ, ಗೋಡೆ, ಈಗಿರುವ ಮರ, ನೀರಿನ ಪೈಪು, ಮೇಲೆ ಹಾದುಹೋಗುವ ತಂತಿ, ಎಲ್ಲ ಗುರುತು ಮಾಡಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬಿಸಿಲು ಎಲ್ಲಿ ಬೀಳುತ್ತದೆ ನೋಡಿ. ವರ್ಷದಲ್ಲಿ ಸೂರ್ಯನ ದಾರಿ ಬದಲಾಗುತ್ತದೆ. ಹಾಗಾಗಿ ಬೇಸಿಗೆಯ ನೆರಳಿನ ಗೆರೆ ಒಂದು ಬಣ್ಣದಲ್ಲಿ, ಚಳಿಗಾಲದ ಗೆರೆ ಇನ್ನೊಂದು ಬಣ್ಣದಲ್ಲಿ ಹಾಕಿಕೊಳ್ಳಿ.

ಜೋರು ಮಳೆ ಬಂದಾಗ ಛತ್ರಿ ಹಿಡಿದು ಹೊರಗೆ ಹೋಗಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಆ ಅರ್ಧ ಗಂಟೆಯಲ್ಲಿ ತಿಳಿಯುವಷ್ಟು ಬೇರೆ ಯಾವಾಗಲೂ ತಿಳಿಯುವುದಿಲ್ಲ.

ಮಣ್ಣಿನ ಪರೀಕ್ಷೆಗೆ ಗಾಜಿನ ಜಾಡಿ ಸಾಕು. ಮೂರನೇ ಒಂದು ಭಾಗ ಮಣ್ಣು ಹಾಕಿ, ನೀರು ತುಂಬಿಸಿ, ಚೆನ್ನಾಗಿ ಕುಲುಕಿ ಇಡಿ. ಮರಳು ಸುಮಾರು ಒಂದು ನಿಮಿಷದಲ್ಲಿ ತಳ ಸೇರುತ್ತದೆ. ನುಣುಪಾದ ಗೋಡು ಮಣ್ಣು ಒಂದೆರಡು ಗಂಟೆಯಲ್ಲಿ ಕೂರುತ್ತದೆ. ಜೇಡಿ ಕೂರಲು ಒಂದು ದಿನ, ಕೆಲವೊಮ್ಮೆ ಇನ್ನೂ ಜಾಸ್ತಿ ಹಿಡಿಯುತ್ತದೆ. ಮೂರು ಪದರಗಳ ದಪ್ಪ ನೋಡಿದರೆ ನಿಮ್ಮದು ಎಂಥ ಮಣ್ಣು ಅಂತ ಗೊತ್ತಾಗುತ್ತದೆ.

ನೀರು ಇಂಗುವ ವೇಗವನ್ನೂ ನೋಡಿಬಿಡಿ. 30 ಸೆಂ.ಮೀ. ಆಳದ ಗುಂಡಿ ತೋಡಿ ನೀರು ತುಂಬಿಸಿ. ಅದು ಇಂಗಿದ ಮೇಲೆ ಮತ್ತೆ ತುಂಬಿಸಿ, ಗಂಟೆಗೆ ಎಷ್ಟು ಇಳಿಯಿತು ಎಂದು ಕೋಲಿನಲ್ಲಿ ಅಳೆಯಿರಿ. ಮೊದಲ ಸಲದ ಅಳತೆ ಲೆಕ್ಕಕ್ಕಿಲ್ಲ, ಒಣ ಮಣ್ಣು ಸುಮ್ನೆ ಕುಡಿದುಬಿಡುತ್ತದೆ. ಗಂಟೆಗೆ ಒಂದು ಸೆಂ.ಮೀ. ಕೂಡ ಇಳಿಯದಿದ್ದರೆ ಜೌಗು ತಡೆಯುವ ಗಿಡ ಹುಡುಕಬೇಕು. ಹತ್ತಕ್ಕಿಂತ ಜಾಸ್ತಿ ಇಳಿದರೆ ಒಣ ನೆಲದ ಗಿಡ.

ಇಲ್ಲಿ ಒಂದು ಹಳೆಯ ಅಭ್ಯಾಸ ಬಿಡಬೇಕು. ತೋಟ ಅಂದ ಕೂಡಲೇ ಲೋಡುಗಟ್ಟಲೆ ಕೆಂಪು ಮಣ್ಣು, ಗೊಬ್ಬರ ತರಿಸುತ್ತೇವೆ. ಬಡ ಮಣ್ಣಿನಲ್ಲೇ ಬಾಳಿ ಬಂದ ಗಿಡಗಳಿಗೆ ಅದು ಬೇಕಿಲ್ಲ. ಗೊಬ್ಬರದ ಲಾಭ ಎಲ್ಲರಿಗಿಂತ ಮೊದಲು ಪಡೆಯುವುದು ಕಳೆ. ಮಣ್ಣು ಹೇಗಿದೆಯೋ ಹಾಗೇ ಇರಲಿ, ಅದಕ್ಕೆ ತಕ್ಕ ಗಿಡ ಹುಡುಕಿ. ಕಟ್ಟಡದ ಕಲ್ಲು-ಸಿಮೆಂಟ್ ತುಂಬಿದ ಜಾಗ, ಲಾರಿ ಓಡಾಡಿ ಗಟ್ಟಿಯಾದ ಜಾಗದ ಮಾತು ಬೇರೆ. ಅಲ್ಲಿ ಕಸ ತೆಗೆದು, ಹಾರೆಯಿಂದ ಸಡಿಲ ಮಾಡಿ, ಎಲೆಗೊಬ್ಬರ ಸೇರಿಸಲೇಬೇಕು.

ಹೆಜ್ಜೆ 2: ಮಾದರಿ ಹುಡುಕಿ

ನಿಮ್ಮ ಜಾಗಕ್ಕೆ ಹತ್ತಿರದಲ್ಲಿ, ಅಂಥದ್ದೇ ಮಣ್ಣು ಮತ್ತು ಮಳೆ ಇರುವ, ಜಾಸ್ತಿ ಕೆಡದ ಒಂದು ತುಂಡು ಕಾಡು, ಕುರುಚಲು, ಹುಲ್ಲುಗಾವಲು ಅಥವಾ ಕೆರೆಯಂಚು ಇದೆಯಾ ನೋಡಿ. ಬೇರೆ ಬೇರೆ ಕಾಲದಲ್ಲಿ ಹೋಗಿ. ಮರದ ಕೆಳಗೆ ಏನಿದೆ? ಬಿಸಿಲಲ್ಲಿ ಏನಿದೆ? ಯಾವುದು ಗುಂಪಾಗಿ ಬೆಳೆಯುತ್ತದೆ, ಯಾವುದು ಒಂಟಿಯಾಗಿ? ಫೋಟೋ ತೆಗೆಯಿರಿ, ಗಿಡ ಕೀಳಬೇಡಿ. ಅಲ್ಲಿ ನೆಲ ಕಾಣುವುದು ಅಪರೂಪ ಎಂಬುದನ್ನು ಮುಖ್ಯವಾಗಿ ಗಮನಿಸಿ. ನಾವು ಮಾಡುವ ತೋಟಗಳಲ್ಲಿ ಗಿಡಕ್ಕೂ ಗಿಡಕ್ಕೂ ನಡುವೆ ಬರಿ ಮಣ್ಣು ಕಾಣುತ್ತಿರುತ್ತದೆ. ಕಳೆಗೆ ಅದೇ ಆಹ್ವಾನ.

ಮಾದರಿ ನೋಡದೆ ಎಲ್ಲ ಕಡೆ ಕಾಡು ಬೆಳೆಸಲು ಹೊರಡುವುದು ಈಗ ಒಂದು ಗೀಳಾಗಿದೆ. ಜಪಾನಿನ ಸಸ್ಯವಿಜ್ಞಾನಿ ಅಕಿರಾ ಮಿಯಾವಾಕಿ ಅವರ ದಟ್ಟ ಕಾಡಿನ ವಿಧಾನ, ಅಂದರೆ ಒಂದು ಚದರ ಮೀಟರಿಗೆ ಮೂರರಿಂದ ಐದು ಸಸಿ ನೆಡುವುದು, ಹಿಂದೆ ಕಾಡಿದ್ದ ಕಡೆ ಒಳ್ಳೆಯದೇ. ಅವರು ಮೊದಲು ಒತ್ತಿ ಹೇಳಿದ್ದೂ ಅದನ್ನೇ: ಆ ಜಾಗದ ಮೂಲ ಕಾಡು ಯಾವುದು ಅಂತ ಪತ್ತೆ ಮಾಡಿ. ನಕಲು ಮಾಡುವವರು ಆ ಅರ್ಧ ಬಿಟ್ಟು, ದಟ್ಟವಾಗಿ ನೆಡುವ ಅರ್ಧವನ್ನು ಮಾತ್ರ ಹಿಡಿದುಕೊಂಡರು. ಹುಲ್ಲುಗಾವಲೇ ಮೂಲವಾಗಿರುವ ನೆಲದಲ್ಲಿ ಮರ ತುಂಬಿದರೆ ಅಲ್ಲಿನ ಹುಲ್ಲು, ಹುಲ್ಲಲ್ಲಿ ಗೂಡು ಕಟ್ಟುವ ಹಕ್ಕಿ, ಎರಡೂ ಹೋಗುತ್ತವೆ.

ಹೆಜ್ಜೆ 3: ಪಟ್ಟಿ ಮಾಡಿ, ಜರಡಿ ಹಿಡಿಯಿರಿ

ಮಾದರಿ ಜಾಗದಲ್ಲಿ ಕಂಡದ್ದನ್ನೆಲ್ಲ ಬರೆದುಕೊಂಡ ಮೇಲೆ ಒಂದೊಂದನ್ನೂ ಪರೀಕ್ಷಿಸಿ. ಬಾಲ್ಯದಿಂದ ನೋಡಿದ್ದೇವೆ ಎಂದ ಮಾತ್ರಕ್ಕೆ ಸ್ಥಳೀಯ ಎನ್ನುವಂತಿಲ್ಲ. ಗುಲ್‌ಮೊಹರ್ ಮಡಗಾಸ್ಕರಿನದು. ಬೋಗನ್‌ವಿಲ್ಲಾ ದಕ್ಷಿಣ ಅಮೆರಿಕದ್ದು. ಚೆಂಡುಹೂವಿನ ತವರು ಮೆಕ್ಸಿಕೊ ಕಡೆ. ಗಿಡದ ವೈಜ್ಞಾನಿಕ ಹೆಸರು ಗೊತ್ತಿದ್ದರೆ ಕ್ಯೂ ಸಸ್ಯೋದ್ಯಾನದ 'ಪ್ಲಾಂಟ್ಸ್ ಆಫ್ ದ ವರ್ಲ್ಡ್ ಆನ್‌ಲೈನ್' ತಾಣದಲ್ಲಿ ಹುಡುಕಿ. ತವರು ಪ್ರದೇಶ ಹಸಿರು ಬಣ್ಣದಲ್ಲಿ, ಆಮೇಲೆ ಒಯ್ದು ಬೆಳೆಸಿದ ಪ್ರದೇಶ ನೇರಳೆ ಬಣ್ಣದಲ್ಲಿ ನಕ್ಷೆಯಲ್ಲೇ ಕಾಣುತ್ತದೆ. ಆದರೆ ಆ ನಕ್ಷೆ ದೊಡ್ಡ ದೊಡ್ಡ ಪ್ರದೇಶಗಳದ್ದು. ಒಂದೇ ರಾಜ್ಯದಲ್ಲಿ ಕರಾವಳಿಯೂ ಇರಬಹುದು, ಬಯಲುಸೀಮೆಯೂ ಇರಬಹುದು, ಒಂದರ ಗಿಡ ಇನ್ನೊಂದಕ್ಕೆ ಹೊರಗಿನದೇ. ಜನ ತಾವು ಕಂಡ ಗಿಡ, ಹುಳು, ಹಕ್ಕಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ ಆ್ಯಪ್‌ನಲ್ಲಿ ನಿಮ್ಮ ಸುತ್ತಲಿನ ದಾಖಲೆಗಳನ್ನೂ ನೋಡಿ, ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ.

"ಈ ಗಿಡ ಇಷ್ಟು ವರ್ಷದಿಂದ ಇದೆ, ಹಬ್ಬಿಲ್ಲವಲ್ಲ" ಎನ್ನುವವರಿಗೆ ಫ್ಲೋರಿಡಾದ ಕಥೆ ಹೇಳಬೇಕು. ಏಷ್ಯಾದ ಫೈಕಸ್ ಮೈಕ್ರೊಕಾರ್ಪ ಎಂಬ ಆಲದ ಬಳಗದ ಮರವನ್ನು ಅಲ್ಲಿ ನೆರಳಿಗೆ ನೆಡುತ್ತಿದ್ದರು. ಅದರ ಪರಾಗ ಮುಟ್ಟಿಸುವ ಪುಟ್ಟ ಕಣಜ ಅಲ್ಲಿ ಇರಲಿಲ್ಲ, ಹಾಗಾಗಿ ಬೀಜವೇ ಕಟ್ಟುತ್ತಿರಲಿಲ್ಲ. ಒಂದು ದಿನ ಕಣಜವೂ ಬಂದು ಸೇರಿತು. ಆಮೇಲೆ ಗೋಡೆ, ಸೇತುವೆ, ಬೇರೆ ಮರಗಳ ಮೇಲೆಲ್ಲ ಅದೇ ಸಸಿ.

ಉಳಿದ ಹೆಸರುಗಳ ಮುಂದೆ ನಾಲ್ಕು ವಿಷಯ ಬರೆಯಿರಿ: ಪೂರ್ತಿ ಬೆಳೆದಾಗಿನ ಎತ್ತರ ಮತ್ತು ಅಗಲ, ಬೇಕಾದ ಬಿಸಿಲು, ಹೂವು-ಹಣ್ಣಿನ ತಿಂಗಳು, ಅದನ್ನು ಯಾರು ತಿನ್ನುತ್ತಾರೆ. ತಿಂಗಳುಗಳನ್ನು ಒಂದು ಸಾಲಿನಲ್ಲಿ ಬರೆದು, ಯಾವ ತಿಂಗಳಲ್ಲಿ ಹೂವೂ ಇಲ್ಲ ಹಣ್ಣೂ ಇಲ್ಲ ಎಂದು ಹುಡುಕಿ. ಆ ತಿಂಗಳನ್ನು ತುಂಬುವ ಗಿಡಕ್ಕೆ ಮೊದಲ ಮಣೆ. ಎಲ್ಲವೂ ಒಟ್ಟಿಗೆ ಅರಳಿ ಒಟ್ಟಿಗೆ ಮುಗಿದರೆ ಉಳಿದ ದಿನ ಜೇನುನೊಣ ಎಲ್ಲಿಗೆ ಹೋಗಬೇಕು?

ಹೆಜ್ಜೆ 4: ಬೇಡದ್ದನ್ನು ತೆಗೆಯಿರಿ, ನಿಧಾನವಾಗಿ

ಜೆಸಿಬಿ ತರಿಸಿ ಒಂದೇ ದಿನದಲ್ಲಿ ಬೋಳಿಸುವುದು ಎಲ್ಲಕ್ಕಿಂತ ಕೆಟ್ಟ ದಾರಿ. ಮಣ್ಣಿನಲ್ಲಿ ಮಲಗಿರುವ ಸಾವಿರಾರು ಕಳೆಬೀಜಗಳಿಗೆ ಬೆಳಕು ಸಿಕ್ಕರೆ ಸಾಕು, ಎದ್ದು ನಿಲ್ಲುತ್ತವೆ. ಸಿಡ್ನಿಯಲ್ಲಿ ಜೋನ್ ಮತ್ತು ಐಲೀನ್ ಬ್ರಾಡ್ಲಿ ಎಂಬ ಅಕ್ಕತಂಗಿಯರು 1960ರ ದಶಕದಲ್ಲಿ ಮನೆ ಹತ್ತಿರದ ಕುರುಚಲು ಕಾಡಿನಲ್ಲಿ ಕಳೆ ಕೀಳುತ್ತಾ ಒಂದು ಕ್ರಮ ಕಂಡುಕೊಂಡರು. ಸ್ಥಳೀಯ ಗಿಡ ಚೆನ್ನಾಗಿರುವ ಕಡೆಯಿಂದ ಶುರುಮಾಡಿ, ಕೆಟ್ಟ ಕಡೆಗೆ ಸಾಗಿ. ಮಣ್ಣನ್ನು ಆದಷ್ಟು ಕದಡಬೇಡಿ. ಕಿತ್ತ ಜಾಗವನ್ನು ಸ್ಥಳೀಯ ಗಿಡ ತುಂಬಿಕೊಳ್ಳುವ ತನಕ ಮುಂದೆ ಹೋಗಬೇಡಿ. ನಮಗೆ ಮನಸ್ಸಾಗುವುದು ಇದಕ್ಕೆ ಉಲ್ಟಾ, ಎಲ್ಲಿ ಜಾಸ್ತಿ ಕಳೆ ಇದೆಯೋ ಅಲ್ಲಿಗೇ ಕೈ ಹೋಗುತ್ತದೆ. ಅವರ ಕ್ರಮವನ್ನು ಇವತ್ತಿಗೂ ಜಗತ್ತಿನ ಹಲವು ಕಡೆ ಪಾಲಿಸುತ್ತಾರೆ.

ಲಂಟಾನವನ್ನು ಮೇಲಿಂದ ಕತ್ತರಿಸಿದರೆ ದುಪ್ಪಟ್ಟಾಗಿ ಚಿಗುರುತ್ತದೆ. ನೆಲದ ಮಟ್ಟಕ್ಕಿಂತ ಕೆಲವೇ ಸೆಂ.ಮೀ. ಕೆಳಗೆ ತಾಯಿಬೇರನ್ನು ಕಡಿದು, ಬುಡಮೇಲು ಮಾಡಿ ಒಣಗಲು ಬಿಡುವ ವಿಧಾನ ಚೆನ್ನಾಗಿ ಕೆಲಸ ಮಾಡುತ್ತದೆ. ಇದನ್ನು ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಅವರ ತಂಡ ರೂಪಿಸಿತು. ಹಣ್ಣಾಗುವ ಮೊದಲೇ ಮಾಡಿ, ಯಾಕೆಂದರೆ ಬೀಜ ಹರಡುವುದು ಹಕ್ಕಿಗಳು. ಪಾರ್ಥೇನಿಯಂ ಅಂದರೆ ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲು ಬೇರುಸಹಿತ ಕೀಳಿ. ಕೈಗವಸು, ಮಾಸ್ಕ್ ಇಲ್ಲದೆ ಮುಟ್ಟಬೇಡಿ, ಚರ್ಮಕ್ಕೂ ಉಸಿರಿಗೂ ಅಲರ್ಜಿ ಆಗುತ್ತದೆ.

ಲಾನ್ ತೆಗೆಯಲು ಅಗೆಯುವ ಅಗತ್ಯವಿಲ್ಲ. ಹುಲ್ಲನ್ನು ಕತ್ತರಿಸಿ, ಪ್ಲಾಸ್ಟಿಕ್ ಟೇಪು ತೆಗೆದ ರಟ್ಟು ಹಾಸಿ, ಅಂಚುಗಳು ಒಂದರ ಮೇಲೊಂದು ಬರುವಂತೆ ಜೋಡಿಸಿ, ನೆನೆಸಿ, ಮೇಲೆ ತರಗೆಲೆ ಸುರಿಯಿರಿ. ಕೆಲವು ತಿಂಗಳಲ್ಲಿ ಹುಲ್ಲು ಸಾಯುತ್ತದೆ, ರಟ್ಟು ಕರಗುತ್ತದೆ. ಬಿರು ಬೇಸಿಗೆಯಾದರೆ ಇನ್ನೊಂದು ದಾರಿ ಇದೆ. ಒದ್ದೆ ನೆಲದ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿದು ನಾಲ್ಕರಿಂದ ಆರು ವಾರ ಬಿಟ್ಟರೆ ಶಾಖಕ್ಕೇ ಕಳೆಬೀಜ ಬೇಯುತ್ತದೆ. ಮಣ್ಣಿನ ಒಳ್ಳೆಯ ಜೀವಿಗಳಿಗೂ ಪೆಟ್ಟು ಬೀಳುವುದರಿಂದ ಇದನ್ನು ತೀರಾ ಕಳೆ ತುಂಬಿದ ಕಡೆಗೆ ಮಾತ್ರ ಇಟ್ಟುಕೊಳ್ಳಿ.

ಹೆಜ್ಜೆ 5: ನೀರಿಗೆ ಜಾಗ ಕೊಡಿ

ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ಅಂದರೆ 100 ಚದರ ಮೀಟರ್ ಚಾವಣಿಗೆ 20 ಮಿ.ಮೀ. ಮಳೆ ಸುರಿದರೆ 2,000 ಲೀಟರ್ ಹತ್ತಿರ. ಇದನ್ನು ಚರಂಡಿಗೆ ಬಿಡುವ ಬದಲು ಒಂದು ತಗ್ಗಿಗೆ ತಿರುಗಿಸಿ. ಪಾಯದಿಂದ ಕನಿಷ್ಠ ಮೂರು ಮೀಟರ್ ದೂರವಿರಲಿ. 15ರಿಂದ 20 ಸೆಂ.ಮೀ. ಆಳ, ಸಮತಟ್ಟಾದ ತಳ, ತುಂಬಿದಾಗ ಹೆಚ್ಚಿನ ನೀರು ಹೋಗಲು ಒಂದು ಕಂಡಿ ಇದ್ದರೆ ಸಾಕು. ತಳದಲ್ಲಿ ನೀರು-ಬಿಸಿಲು ಎರಡನ್ನೂ ತಡೆಯುವ ಹುಲ್ಲು, ಜೊಂಡು. ಅಂಚಿನಲ್ಲಿ ಒಣ ನೆಲದ ಗಿಡ. ಸೊಳ್ಳೆಯ ಭಯ ಎಲ್ಲರಿಗೂ ಇದೆ. ಬೆಚ್ಚಗಿನ ಹವೆಯಲ್ಲೂ ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರ ಬೇಕು. ಈ ತಗ್ಗಿನ ನೀರು ಎರಡು ದಿನದೊಳಗೆ ಇಂಗಬೇಕು. ಇಂಗದಿದ್ದರೆ ಆಳ ಕಡಿಮೆ ಮಾಡಿ ಅಗಲ ಹೆಚ್ಚಿಸಿ.

ಹೆಜ್ಜೆ 6: ಅಂತಸ್ತುಗಳನ್ನು ಜೋಡಿಸಿ

ಈಗ ನಕ್ಷೆಯ ಮೇಲೆ ಗಿಡ ಇಡಬಹುದು. ಮೊದಲು ಮರ, ಆಮೇಲೆ ಪೊದೆ, ಬಳ್ಳಿ, ಕೊನೆಗೆ ಹುಲ್ಲು ಮತ್ತು ಸಣ್ಣ ಗಿಡ. ಮರವನ್ನು ಈಗಿನ ಅಳತೆಯಲ್ಲಿ ಬರೆಯಬೇಡಿ, ಪೂರ್ತಿ ಬೆಳೆದ ಅಗಲದಲ್ಲಿ ವೃತ್ತ ಹಾಕಿ. ಜಾಗ ಚಿಕ್ಕದಾದರೆ ಮರವೇ ಬೇಡ, ಎರಡು ದೊಡ್ಡ ಪೊದೆ ಸಾಕು. ಪುಟ್ಟ ಸೈಟಿನಲ್ಲಿ ಆಲ ನೆಟ್ಟು ಹತ್ತು ವರ್ಷದ ಮೇಲೆ ಕಡಿಸುವುದಕ್ಕಿಂತ ಇದು ಒಳ್ಳೆಯದು, ಅಲ್ವಾ?

ಸಣ್ಣ ಗಿಡಗಳಲ್ಲಿ ಒಂದೊಂದು ಜಾತಿಯದು ಒಂದೊಂದನ್ನು ಚದುರಿಸಬೇಡಿ. ಐದೋ ಏಳೋ ಗಿಡಗಳ ಗುಂಪು ಮಾಡಿ. ಜೇನುನೊಣಕ್ಕೆ ಒಂದೇ ಬಗೆಯ ಹೂವು ಒಟ್ಟಿಗೆ ಸಿಕ್ಕರೆ ಅನುಕೂಲ, ನೋಡುವವರಿಗೂ ಅದು ತೋಟ ಅಂತ ಗೊತ್ತಾಗುತ್ತದೆ. ಗುಂಪುಗಳ ನಡುವೆ ನೆಲ ಹಿಡಿದು ಹಬ್ಬುವ ಗಿಡ, ಗಿಡ್ಡ ಹುಲ್ಲು ತುಂಬಿಸಿ. ಒಟ್ಟು ಗಿಡಗಳಲ್ಲಿ ಅರ್ಧದಷ್ಟು ಈ ಹೆಸರಿಲ್ಲದ ನೆಲಹೊದಿಕೆಯೇ ಆದರೂ ಪರವಾಗಿಲ್ಲ. ಹೂವಿನ ಗಿಡಕ್ಕೆ ಖರ್ಚು ಮಾಡಿ ನೆಲಹೊದಿಕೆ ಬಿಟ್ಟವರೇ ಆಮೇಲೆ ವರ್ಷವಿಡೀ ಕಳೆ ಕೀಳುವುದು.

ಪಕ್ಕದ ಮನೆಯವರು "ಏನಿದು, ಪಾಳು ಬಿಟ್ಟಿದ್ದೀರಾ?" ಎಂದು ಕೇಳದಂತೆ ಮಾಡುವುದೂ ವಿನ್ಯಾಸದ ಕೆಲಸವೇ. ಭೂದೃಶ್ಯ ವಿನ್ಯಾಸಕಿ ಜೋನ್ ನಸಾವರ್ 1995ರಲ್ಲೇ ಇದನ್ನು ಬಿಡಿಸಿ ಹೇಳಿದರು: ಒಳಗೆ ಎಷ್ಟೇ ಕಾಡಾಗಿರಲಿ, ಯಾರೋ ನೋಡಿಕೊಳ್ಳುತ್ತಿದ್ದಾರೆ ಎಂಬ ಗುರುತು ಹೊರಗೆ ಕಾಣಬೇಕು. ಅಂಚಿಗೆ ಕಲ್ಲಿನ ಸಾಲು, ನೀಟಾಗಿ ಕತ್ತರಿಸಿದ ಹುಲ್ಲಿನ ಪಟ್ಟಿ, ನಡೆಯಲು ದಾರಿ, ಒಂದು ಬೆಂಚು. ದಾರಿಯ ಪಕ್ಕ ಮೊಣಕಾಲೆತ್ತರಕ್ಕಿಂತ ದೊಡ್ಡದು ಬೇಡ. ಹಾವಿನ ಹೆದರಿಕೆ ಇರುವವರಿಗೂ ಇದರಿಂದ ಸಮಾಧಾನ, ಕಾಲಿಡುವ ಜಾಗ ಕಾಣುತ್ತಿರುತ್ತದೆ.

ಹೆಜ್ಜೆ 7: ಸಸಿ ತರುವಾಗ

ಕಾಡಿನಿಂದ ಕಿತ್ತು ತಂದ ಗಿಡ ಕೊಳ್ಳಬೇಡಿ. ಬೀಜದಿಂದ ಬೆಳೆಸಿದ್ದಾ ಎಂದು ಕೇಳಿ, ಬೀಜ ಎಲ್ಲಿಯದು ಅಂತಲೂ ಕೇಳಿ. ಒಂದೇ ಜಾತಿಯಾದರೂ ಹತ್ತಿರದ ಬೀಜದ್ದು ನಿಮ್ಮ ಹವೆಗೆ ಬೇಗ ಹೊಂದುತ್ತದೆ. ಕಸಿ ಅಥವಾ ಕಡ್ಡಿಯಿಂದ ಮಾಡಿದ್ದಾದರೆ ಎಲ್ಲವೂ ಒಂದೇ ತಾಯಿಯ ಪಡಿಯಚ್ಚು, ಒಂದಕ್ಕೆ ರೋಗ ಬಂದರೆ ಎಲ್ಲಕ್ಕೂ ಬರುವ ಸಾಧ್ಯತೆ. ಪಕಳೆಯ ಮೇಲೆ ಪಕಳೆ ಬರುವಂತೆ ಮಾರ್ಪಡಿಸಿದ ಹೂಗಳಲ್ಲಿ ಮಕರಂದ, ಪರಾಗ ಕಡಿಮೆ, ಇದ್ದರೂ ನೊಣಕ್ಕೆ ಎಟುಕುವುದು ಕಷ್ಟ. ಸಾದಾ ಹೂವೇ ತನ್ನಿ. ಇಮಿಡಾಕ್ಲೋಪ್ರಿಡ್‌ನಂಥ ಕೀಟನಾಶಕ ಹಾಕಿದ್ದಾರಾ ಎಂದೂ ವಿಚಾರಿಸಿ. ಅದು ಗಿಡದ ಒಳಗೇ ಹರಿದು ಹೂವಿನ ಮಕರಂದಕ್ಕೂ ಸೇರುತ್ತದೆ. ಜೇನುನೊಣಗಳಿಗೆ ಅಪಾಯವೆಂದು ಯುರೋಪಿಯನ್ ಒಕ್ಕೂಟ 2018ರಲ್ಲಿ ಇದನ್ನೂ ಇದರ ಬಳಗದ ಇನ್ನೆರಡನ್ನೂ ಹೊಲ-ತೋಟಗಳಲ್ಲಿ ನಿಷೇಧಿಸಿತು.

ಎತ್ತರದ ಸಸಿಗೆ ಆಸೆಪಡಬೇಡಿ. ಮೊಣಕಾಲೆತ್ತರದ ಸಸಿ ಬೇಗ ಬೇರು ಹಿಡಿದು, ಕೆಲವೇ ವರ್ಷಗಳಲ್ಲಿ ಆಳೆತ್ತರದ ಸಸಿಯನ್ನು ಹಿಂದೆ ಹಾಕುವುದು ಸಾಮಾನ್ಯ. ಬೀಜದಿಂದ ನೀವೇ ಬೆಳೆಸಿದರೆ ಇನ್ನೂ ಅಗ್ಗ. ಗಟ್ಟಿ ಸಿಪ್ಪೆಯ ಕಾಯಿಬೀಜಗಳನ್ನು ಒಲೆಯಿಂದ ಇಳಿಸಿದ ಬಿಸಿನೀರಿಗೆ ಹಾಕಿ ರಾತ್ರಿಯಿಡೀ ನೆನೆಸಿದರೆ ಮೊಳಕೆ ಚೆನ್ನಾಗಿ ಬರುತ್ತದೆ.

ಹೆಜ್ಜೆ 8: ನೆಡುವುದು

ಮಳೆಗಾಲದ ಶುರುವಿನಲ್ಲಿ ನೆಡಿ. ಗುಂಡಿಯ ಆಳ ಬೇರಿನ ಮುದ್ದೆಯಷ್ಟೇ ಇರಲಿ, ಅಗಲ ಅದರ ಎರಡು ಮೂರು ಪಟ್ಟು. ಸುತ್ತಿಕೊಂಡ ಬೇರನ್ನು ಬಿಡಿಸಿ, ತೀರಾ ಸುತ್ತಿದ್ದರೆ ಕತ್ತರಿಸಿ. ಇಲ್ಲದಿದ್ದರೆ ಮರ ದೊಡ್ಡದಾದ ಮೇಲೆ ಅದೇ ಬೇರು ಕುತ್ತಿಗೆ ಹಿಸುಕುತ್ತದೆ. ಗುಂಡಿಯೊಳಗೆ ಗೊಬ್ಬರ ತುಂಬಬೇಡಿ, ಬೇರು ಆ ಸುಖ ಬಿಟ್ಟು ಹೊರಗೆ ಹೋಗುವುದಿಲ್ಲ. ತೆಗೆದ ಮಣ್ಣನ್ನೇ ತುಂಬಿ, ಚೆನ್ನಾಗಿ ನೀರುಣಿಸಿ. ತರಗೆಲೆಯ ಹೊದಿಕೆ 5ರಿಂದ 7 ಸೆಂ.ಮೀ. ಸಾಕು. ಕಾಂಡಕ್ಕೆ ತಾಗದಂತೆ ಒಂದು ಕೈಯಗಲ ಬಿಟ್ಟು ಹಾಕಿ.

ಇಡೀ ತೋಟಕ್ಕೆ ಹೊದಿಕೆ ಹಾಕಬೇಡಿ. ಜಗತ್ತಿನಲ್ಲಿ 20,000ದಷ್ಟು ಜಾತಿಯ ಜೇನುನೊಣಗಳಿವೆ, ಅದರಲ್ಲಿ ಸುಮಾರು 70% ಜಾತಿಗಳು ನೆಲದೊಳಗೆ ಗೂಡು ಮಾಡುತ್ತವೆ. ಬಹುಪಾಲು ಒಂಟಿಯಾಗಿರುವವು, ಕಚ್ಚಲು ಬರುವುದೂ ಅಪರೂಪ. ಬಿಸಿಲು ಬೀಳುವ, ನೀರು ನಿಲ್ಲದ ಒಂದು ಮೂಲೆಯನ್ನು ಬರಿ ಮಣ್ಣಾಗೇ ಅವಕ್ಕೆ ಬಿಡಿ.

ಮೊದಲ ಮೂರು ವರ್ಷ

ಮೊದಲ ವರ್ಷ ನೋಡಲು ಏನೂ ಇರುವುದಿಲ್ಲ. ಗಿಡ ಬೇರಿನ ಕೆಲಸದಲ್ಲಿರುತ್ತದೆ. ಒಣಗಾಲದಲ್ಲಿ ನೀರು ಕೊಡಲೇಬೇಕು. ದಿನಾ ಚಿಮುಕಿಸುವ ಬದಲು ವಾರಕ್ಕೊಮ್ಮೆ ಆಳಕ್ಕೆ ಇಳಿಯುವಂತೆ ಕೊಡಿ. ಸ್ಥಳೀಯ ಗಿಡಕ್ಕೆ ನೀರೇ ಬೇಡ ಎಂದು ನಂಬಿ ಸಸಿ ಕಳೆದುಕೊಂಡವರು ಬೇಕಾದಷ್ಟು ಮಂದಿ. ಕಳೆ ಜಾಸ್ತಿ ಬರುವುದೂ ಈ ವರ್ಷವೇ, ಬೀಜವಾಗುವ ಮೊದಲು ಕೀಳಿ. ಎರಡನೇ ವರ್ಷ ನೀರು ಕಡಿಮೆ ಮಾಡುತ್ತಾ ಬನ್ನಿ, ಸತ್ತ ಸಸಿಯ ಜಾಗದಲ್ಲಿ ಪಕ್ಕದಲ್ಲಿ ಚೆನ್ನಾಗಿ ಬಂದ ಜಾತಿಯನ್ನೇ ನೆಡಿ.

ಎಲೆಯಲ್ಲಿ ತೂತು ಕಂಡರೆ ಔಷಧಿ ತರಲು ಓಡಬೇಡಿ. ಈ ತೋಟ ಮಾಡಿದ್ದೇ ಅದಕ್ಕೆ. ಹುಳು ಬಂದ ಮೇಲೆ ಅದನ್ನು ತಿನ್ನುವ ಹಕ್ಕಿ, ಕಣಜ, ಜೇಡ ಬರಲು ಒಂದಿಷ್ಟು ಸಮಯ ಬೇಕು. ನಡುವೆ ನೀವು ಸಿಂಪಡಿಸಿದರೆ ಹುಳುವಿಗಿಂತ ಮೊದಲು ಸಾಯುವುದು ಅವು. ಒಣಗಿದ ದಂಟನ್ನು ಬುಡದಿಂದ ಕತ್ತರಿಸದೆ 30-40 ಸೆಂ.ಮೀ. ಉಳಿಸಿ, ಟೊಳ್ಳು ದಂಟಿನೊಳಗೆ ಕೆಲವು ಜೇನುನೊಣಗಳು ಮೊಟ್ಟೆ ಇಡುತ್ತವೆ. ಉದುರಿದ ಎಲೆಗೆ ಬೆಂಕಿ ಹಾಕಬೇಡಿ. ರಾತ್ರಿಯಿಡೀ ಉರಿಯುವ ತೋಟದ ದೀಪ ಆರಿಸಿ, ಪತಂಗಗಳು ಅದರ ಸುತ್ತಲೇ ಸುತ್ತಿ ಸಾಯುತ್ತವೆ. ಹಕ್ಕಿ ಬರಲು ಶುರುವಾದ ಮೇಲೆ ದೊಡ್ಡ ಗಾಜಿನ ಕಿಟಕಿಗೆ ಹೊರಗಿನಿಂದ ಐದು ಸೆಂ.ಮೀ. ಅಂತರದಲ್ಲಿ ಚುಕ್ಕೆ ಅಂಟಿಸಿ. ಹದ್ದಿನ ಚಿತ್ರ ಒಂದೇ ಅಂಟಿಸಿದರೆ ಹಕ್ಕಿ ಅದರ ಪಕ್ಕದಲ್ಲೇ ಬಂದು ಗುದ್ದುತ್ತದೆ.

ಮೂರನೇ ವರ್ಷದ ಹೊತ್ತಿಗೆ ನೀವು ನೆಡದ ಸಸಿಗಳು ಏಳಲು ಶುರುವಾಗುತ್ತವೆ. ಎಲ್ಲವನ್ನೂ ಕಳೆ ಅಂದುಕೊಂಡು ಕೀಳಬೇಡಿ, ಎಲ್ಲವನ್ನೂ ಉಳಿಸಲೂ ಬೇಡಿ. ನಾಲ್ಕೆಲೆ ಬರುವ ತನಕ ಬಿಟ್ಟು, ಯಾವುದೆಂದು ಗುರುತಿಸಿ. ಹೊರಗಿನ ಜಾತಿಯಾದರೆ ಆಗಲೇ ಕಿತ್ತು ಹಾಕಿ. ಸ್ಥಳೀಯ ಮರದ್ದಾಗಿ, ಜಾಗ ತಪ್ಪಿ ಹುಟ್ಟಿದ್ದರೆ ಮುಂದಿನ ಮಳೆಗೆ ಚೀಲಕ್ಕೆ ಎತ್ತಿಟ್ಟು, ಜಾಗ ಇರುವವರಿಗೆ ಕೊಡಿ.